ದೀಪ

ನನ್ನ ಕೆಲಸ ನೋಯುವುದು.
ತಾಸಿಗೆ ಹದಿನಾಲ್ಕು ಪೌಂಡು, ಮಧ್ಯಾಹ್ನಕ್ಕೊಂದು ಸ್ಯಾಂಡ್‌ವಿಚ್ಚು,
ಬಸ್ಸಿನ ಖರ್ಚು ಬೇರೆ.
ಪಿಟ್ಸ್‌ಮೂರಿನಿಂದ ಇಳಿಜಾರು ಇಳಿದು ಬರುತ್ತೇನೆ.
ಶೆಫೀಲ್ಡಿನಲ್ಲಿ ಡಾಕ್ಟರಾಗಲಿರುವ ಮಕ್ಕಳಿಗೆ
ಪರೀಕ್ಷೆಯ ದಿನದ ರೋಗಿ ನಾನು, ಡಲ್ಸಿ ಪಿನ್ನಕ್,
ಎಪ್ಪತ್ತೊಂದು ದಾಟಿದವಳು.

ಕೈಗೊಂದು ಹಾಳೆ ಕೊಟ್ಟಿರುತ್ತಾರೆ.
ಇವತ್ತು ನಾನು ಮಿಸೆಸ್ ಹಾಲೆಟ್.
ಬಲಪಕ್ಕೆಯ ಕೆಳಗೆ ನೋವು, ನಿನ್ನೆ ರಾತ್ರಿಯಿಂದ,
ಹತ್ತಕ್ಕೆ ಎಂಟು.
ಕೇಳಿದರೆ ಮಾತ್ರ ಹೇಳಬೇಕು: ಮನೆಯಲ್ಲಿ ಒಬ್ಬಳೇ.
ಕೇಳದಿದ್ದರೆ ನುಂಗಿಕೊಳ್ಳಬೇಕು.
ನುಂಗುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಗಂಟೆ. ಬಾಗಿಲು. ಎಂಟು ನಿಮಿಷ.
ಮತ್ತೆ ಗಂಟೆ.
ಮೊದಲನೆಯವನು ಮೂರು ಸಲ ಕೈ ತೊಳೆದ,
ಹಾಳೆಯ ಜೊತೆ ಮಾತಾಡಿ ಹೋದ.
ಇನ್ನೊಬ್ಬ ನನ್ನ ಹೊಟ್ಟೆಗೆ ಥ್ಯಾಂಕ್ಯೂ ಹೇಳಿದ.
ಆರನೆಯವಳು ಬಂದದ್ದು ತಡವಾಗಿ:
ಹೊರಗೆ ಯಾರೋ ಅವಳ ತೋಳಿನ ಬಟ್ಟೆಗೆ
ನಿಯಮ ಓದುತ್ತಿದ್ದರು, ಗೋಡೆಯೀಚೆ ಕೇಳಿಸುತ್ತಿತ್ತು.
ಮೊಣಕೈ ಕೆಳಗೆ ಬರಿಗೈ ಇರಬೇಕು.
ಬಳಸಿ ಎಸೆಯುವ ತೋಳು ಅವಳ ಚೀಲದಲ್ಲೇ ಇತ್ತು,
ಕಾಲೇಜೇ ಒಪ್ಪಿದ್ದು;
ಒಪ್ಪಿದ ಪತ್ರ ಹುಡುಕುವಷ್ಟರಲ್ಲಿ ಎರಡು ನಿಮಿಷ ಸಂದಿತ್ತು.
ಎದೆಯ ಮೇಲೆ ಹೆಸರು: ಅರ್ವಾ ಸಾಲೆಹ್.
ಇವಳ ಅಜ್ಜನೋ, ಅಜ್ಜನಂಥವನೋ
ನನ್ನ ಗಂಡನ ಪಕ್ಕ ಉಕ್ಕಿನ ಕುಲುಮೆಯೆದುರು ಬೆಂದವನು.
ಅಲ್ಲಿ ಯಾರೂ ತೋಳು ಅಳೆಯಲಿಲ್ಲ.
ಅವಳ ಬೆರಳು ನನ್ನ ಪಕ್ಕೆಯ ಮೇಲೆ ನಡುಗಿತು.
ನನಗೆ ಎಂಟು ನೋಯಬೇಕಿತ್ತು,
ಆರು ನೋಯಿಸಿಕೊಂಡೆ.

ನಟನೆಯೆಂದರೆ ಇಷ್ಟೇ.
ಆದರೆ ಆ ಪದ ನನಗೆ ಹೊಸದಲ್ಲ.
ಎಂಬತ್ತೇಳರ ಚಳಿಗಾಲ. ಮಾರ್ವಾಗೆ ಹದಿಮೂರು.
ಸಿಕಲ್ ಸೆಲ್: ರಕ್ತದ ಕಣ ಕುಡುಗೋಲಾಗಿ
ಮೂಳೆ ಮೂಳೆಯ ಸಂದಿಯಲ್ಲಿ ಕೊಯ್ಯುತ್ತಿತ್ತು.
ಎಷ್ಟು ನೋವು ಅಂದರು. ಹತ್ತು ಅಂದಳು.
ಅತ್ತಿರಲಿಲ್ಲ; ಅಳು ಮುಗಿದಿತ್ತು.
ಹಾಸಿಗೆಯ ಕಾಲಬಳಿ ತೂಗುವ ಚೀಟಿಯಲ್ಲಿ
ಆ ಡಾಕ್ಟರು ಬರೆದದ್ದು ನಾನು ಓದಿದೆ
(ಆ ವಾರ್ಡಿನ ನೆಲ ಒರೆಸುತ್ತಿದ್ದವಳು ನಾನೇ,
ಎಲ್ಲರ ಕೈಬರಹ ಬಲ್ಲೆ):
ನಟನೆ ಇರಬಹುದು. ಕಾದು ನೋಡಿ.
ನಾಲ್ಕು ತಾಸು
ಕಾದು ನೋಡಿದರು.

ಬದುಕಿದಳು. ಈಗ ಐವತ್ತು ದಾಟಿದೆ.
ಇವತ್ತಿಗೂ ನೋವು ಎದ್ದ ರಾತ್ರಿ, ಆಂಬುಲೆನ್ಸಿಗೂ ಮೊದಲು
ಇಸ್ತ್ರಿ ಮಾಡಿದ ಕೋಟು ಹಾಕುತ್ತಾಳೆ,
ಲಿಪ್‌ಸ್ಟಿಕ್ಕು ಹಚ್ಚುತ್ತಾಳೆ,
ನಂಬಲಿ ಎಂದು.

ಹನ್ನೆರಡನೆಯವನಿಗೆ ಎರಡೂ ಕಿವಿಯ ಹಿಂದೆ ಯಂತ್ರ.
ರೋವನ್ ತ್ವೇಟ್, ಕುರಿ ಸಾಕುವ ಬೆಟ್ಟದ ಕಡೆಯ ಹುಡುಗ.
"ನನ್ನ ಕಡೆ ಮುಖ ಮಾಡುತ್ತೀರಾ?
ತುಟಿ ಕಾಣಬೇಕು ನನಗೆ."
ತಿರುಗಿದೆ.
ಅದುವರೆಗೆ ಹನ್ನೊಂದು ಜನ ಪಕ್ಕೆ ನೋಡಿದ್ದರು.
ಎಂಟು ಅಂದೆ. "ಎಂಟು" ಅಂದ. ಬರೆದುಕೊಂಡ, ಎಂಟೇ.
ಸುಮ್ಮನಾದೆ.
"ಇನ್ನೇನೋ ಅಂದಿರಿ, ದನಿ ಇಲ್ಲದೆ."
ಅದು ಹಾಳೆಯಲ್ಲಿ ಇಲ್ಲದ್ದು. ನನ್ನ ತುಟಿ
ತನ್ನಷ್ಟಕ್ಕೆ ಮಾರ್ವಾ ಅಂದಿರಬೇಕು.
ಮಿಸೆಸ್ ಹಾಲೆಟ್‌ಗೆ ಮಕ್ಕಳಿಲ್ಲ.
"ಮನೆಯಲ್ಲಿ ಯಾರಿದ್ದಾರೆ?" ಕೇಳಿದ.
ಕೇಳಿದ್ದಕ್ಕೆ ಹೇಳಿದೆ.

ಗಂಟೆ ಹೊಡೆಯಿತು. ಅವನಿಗೆ ಕೇಳಿಸಲಿಲ್ಲ.
ಬಾಗಿಲ ಮೇಲೆ ಕೆಂಪು ದೀಪ ಹಾಕುತ್ತೇವೆ ಅಂದಿದ್ದರಂತೆ;
ಹಾಕಿದ್ದರು, ತಂತಿ ಜೋಡಿಸಿರಲಿಲ್ಲ.
ಪರೀಕ್ಷಕರು ಕೆಮ್ಮಿದರು. ಅದೂ ಕೇಳಿಸಲಿಲ್ಲ.
ಪೆನ್ನಿನ ತುದಿ ಸಮಯದ ಕಾಲಮ್ಮಿಗೆ ಸರಿಯಿತು.
ನೋವಿನ ನಡುವೆಯೇ ಹುಬ್ಬಿನಿಂದ ಗಡಿಯಾರ ತೋರಿಸಿದೆ.
ಹಾಗೆ ಮಾಡಬಾರದು.

ಕೊನೆಗೆ ನನಗೂ ಒಂದು ಚೌಕ ಇರುತ್ತದೆ, ಉಗುರಿನಷ್ಟು:
ಇವರ ಬಳಿ ಮತ್ತೆ ಬರುವಿರಾ? ಒಂದರಿಂದ ಐದು.
ಐದು ಹಾಕಿದೆ.
ಅರ್ವಾಗೂ ಐದೇ ಹಾಕಿದ್ದೆ, ಬೆರಳು ನಡುಗಿದ್ದಕ್ಕೆ.
ಅದರ ಕೆಳಗೆ ಷರಾ ಎಂದು ಒಂದು ಗೆರೆ,
ಯಾರೂ ಓದದ್ದು.
ಬರೆದೆ: ದೀಪ ಉರಿಯಲಿಲ್ಲ.

ಗಂಟೆ. ಬಾಗಿಲು.
ಪಕ್ಕೆ ಹಿಡಿದು ಮಡಚಿಕೊಂಡೆ.