ಎಡಕ್ಕೆ ವಾಲಿದ ನೆಲ

ಮೊದಲ ದಿನ ಸಿಕ್ಕಿದ್ದು ಗಾಳಿಮರದ ಸೂಜಿಯೆಲೆ,
ಮೊಣಕಾಲುದ್ದ.
ಎರಡನೆಯ ದಿನ ಒಂಟಿ ರಬ್ಬರ್ ಚಪ್ಪಲಿ, ಹರಿದ ಬಲೆಯ ಸೀಸದ ಗುಂಡು,
ಯಾವುದೋ ಚುನಾವಣೆಯ ಚೀಟಿ.
ಮೂರನೆಯ ದಿನ ಪೊರಕೆಯ ತುದಿಗೆ
ಗಟ್ಟಿ ನೆಲ ತಾಗಿತು. ಉಜ್ಜಿದೆ.
ಸಿಮೆಂಟಿನ ಮೇಲೊಂದು ಬಿಳಿ ಗೆರೆ,
ಕೊಕ್ಕರೆಯ ಕಾಲಿನಷ್ಟು ಸಪೂರ,
ಹೋಗುತ್ತಲೇ ಇತ್ತು.

ಕೋಡಿಬಾಗದಲ್ಲಿ ಇಂಥದ್ದೊಂದು ಇತ್ತೆಂದು
ನನಗೆ ಹೇಳಿದ್ದು ಅಪ್ಪನ ಪಂಕ್ಚರ್ ಅಂಗಡಿಯ ಗೋಡೆ.
ಮೊಳೆಗೆ ನೇತುಹಾಕಿದ ಐದು ಹಲ್ಲಿನ ಚಕ್ರ,
ಯಾವ ಗಿರಾಕಿಯ ಸೈಕಲ್ಲಿಗೂ ಕೂರದವು.
"ಬ್ರೇಕಿಲ್ಲದ ಸೈಕಲ್ಲಿನವು ಮಾರಾಯ, ಮುಟ್ಟಬೇಡ."
ಮುಟ್ಟಲಿಲ್ಲ. ತುಕ್ಕು ಮುಟ್ಟಿತು.

ಇನಾಸ ರೊಡ್ರಿಗಿಸ್‌ಗೆ ಈಗ ಎಪ್ಪತ್ತೊಂಬತ್ತು.
ಎಡಭುಜ ಬಲಕ್ಕಿಂತ ಎರಡು ಬೆರಳು ಕೆಳಗೆ.
ಇಗರ್ಜಿಯ ಮೆಟ್ಟಿಲಿಳಿದು ಮನೆ ಬಲಕ್ಕಿದ್ದರೂ
ಎಡಕ್ಕೇ ಹೊರಳುವ ಮನುಷ್ಯ.
ನಾನು ಹಗ್ಗ ಹಾಸಿ ಅಳೆಯುವಾಗ ಬಂದು ನಿಂತ:
"ಎಷ್ಟು ಬಂತು, ಪುರ್ಸು?"
ಮುನ್ನೂರ ಮೂವತ್ತಮೂರು ಮೀಟರು.
"ಮೂರು ಸುತ್ತಿಗೆ?"
ಒಂಬೈನೂರ ತೊಂಬತ್ತೊಂಬತ್ತು.
"ನೋಡಿದೆಯಾ! ಕಂಟ್ರಾಕ್ಟರ್ ಒಂದು ಮೀಟರು ತಿಂದಿದ್ದ.
ಅದೊಂದು ಇದ್ದಿದ್ದರೆ
ಆ ಹುಬ್ಬಳ್ಳಿಯವನನ್ನು ನಾನು ಹಿಡಿಯುತ್ತಿದ್ದೆ."

ನಗರಸಭೆಯ ಇಂಜಿನಿಯರ್ ಬಂದ. ಹೆಲ್ಮೆಟ್ ತೆಗೆಯಲಿಲ್ಲ.
ತಿರುವಿನ ಓರೆ ಅಪಾಯ, ಮಟ್ಟ ಮಾಡೋಣ,
ಸುತ್ತ ಹಸಿರು ಬೇಲಿ, ನಡುವೆ ಕಾರಂಜಿ ಎಂದ.
ಇನಾಸ ಟೊಪ್ಪಿಗೆ ತಿರುವುತ್ತ ಸುಮ್ಮನಿದ್ದ.
ಮಾತಾಡಿದ್ದು ದ್ರೌಪದಿ ತಾಂಡೇಲ,
ಇಪ್ಪತ್ತಾರು ವರ್ಷದಿಂದ ಅದೇ ತಿರುವಿನಲ್ಲಿ
ಮೀನು ಒಣಗಿಸುತ್ತಿರುವವಳು.
"ಮಟ್ಟ ನೆಲದಲ್ಲಿ ಉಪ್ಪುನೀರು ನಿಲ್ಲುತ್ತದೆ ಸಾಯ್ಬ,
ಮೀನಿಗೆ ಹುಳ ಬೀಳುತ್ತದೆ.
ಇಲ್ಲಿ ನೀರು ತಾನೇ ಇಳಿಯುತ್ತದೆ,
ಬಿಸಿಲು ನೆಟ್ಟಗೆ ಹೊಟ್ಟೆಗೆ ಬಡಿಯುತ್ತದೆ.
ಇದನ್ನು ಕಟ್ಟಿದವನು ಮೀನು ತಿನ್ನುವವನೇ ಇರಬೇಕು."
ಇಂಜಿನಿಯರ್ ಬರೆದುಕೊಂಡ.
ಹೀಗೆ, ತಾರ್ಲೆಯ ದೆಸೆಯಿಂದ
ಸೈಕಲ್ಲಿನ ಓರೆ ಉಳಿಯಿತು.

ಕರಾರು ಕಾಗದದ ಮೇಲಿಲ್ಲ:
ಬೆಳಕು ಹರಿದಾಗಿನಿಂದ ಎಂಟರವರೆಗೆ ಮಕ್ಕಳದು.
ಆಮೇಲೆ ಬಂಗಡೆಯದು.
ಸಂಜೆ ಗುಡಿಸಿದ ಮೇಲೆ ಮತ್ತೆ ಮಕ್ಕಳದು.
ದೋಣಿ ದಡದಲ್ಲೇ ಇರುವ ತಿಂಗಳು ಯಾರದೂ ಅಲ್ಲ,
ಮಳೆಯದು.

ಏಳು ಸೈಕಲ್ಲಿನ ಬ್ರೇಕು ಬಿಚ್ಚಿದೆ.
ಏಳು ತಾಯಂದಿರ ಬೈಗುಳ ತಿಂದೆ.
ಸೀಮೆಎಣ್ಣೆಯಲ್ಲಿ ನೆನೆಸಿದ ಹಳೆಯ ಚಕ್ರವೊಂದು
ಸಾನಿಕಾ ಕೊಠಾರಕರಳ ಸೈಕಲ್ಲಿಗೆ
ಹೇಳಿ ಮಾಡಿಸಿದಂತೆ ಕೂತಿತು.
ಹುಡುಗಿ ಮೂರು ಸಲ ತಿರುವು ಹತ್ತಿದಳು,
ಮೂರು ಸಲವೂ ಜಾರಿ
ದ್ರೌಪದಿಯ ಖಾಲಿ ಬುಟ್ಟಿಗಳ ಮೇಲೆ ಬಿದ್ದಳು.
ಬೇಲಿಯಾಚೆ ಅವಳ ಆಯಿ
ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದಳು.
ಇನಾಸ ಕೂಗಿದ:
"ಓರೆಯಲ್ಲಿ ಬೀಳುವುದು ನಿಧಾನ ಹೋದವರು ಮಗೂ!
ಹೆದರಿಕೆ ಬಂತೋ, ಜೋರು ತುಳಿ!"

ನಾಲ್ಕನೆಯ ಸಲ
ಟೈರಿನ ಸದ್ದೇ ಬೇರೆ,
ಹಾಯಿಗೆ ಗಾಳಿ ಸಿಕ್ಕ ಹಾಗೆ.
ಕಾಳಿಯ ನೀರು, ಸದಾಶಿವಗಡದ ಗುಡ್ಡ, ನಾವೆಲ್ಲ
ಒಂದು ಕ್ಷಣ ಓರೆಯಾದೆವು,
ಅವಳೊಬ್ಬಳು ನೆಟ್ಟಗಿದ್ದಳು.
ಕಲ್ಲಿನ ಮೇಲೆ ಕೂತ ಇನಾಸನ ಮೈ
ಅವಳು ತಿರುವಿಗೆ ಬಂದಾಗಲೆಲ್ಲ
ತನಗೆ ಗೊತ್ತಿಲ್ಲದೆ ಎಡಕ್ಕೆ ವಾಲುತ್ತಿತ್ತು.

ಎಂಟು ಗಂಟೆ. ದ್ರೌಪದಿ ಕಾಯಲಿಲ್ಲ.
ಕೊನೆಯ ಸುತ್ತಿನವರ ಹಿಂದೆಯೇ
ಬಂಗಡೆ ಹಾಸುತ್ತ ಬಂದಳು.

ಈಗ ಅಂಗಡಿಗೆ ಬರುವ ಟ್ಯೂಬು ಟೈರಿಗೆಲ್ಲ
ಒಣಮೀನಿನ ವಾಸನೆ.
ಪೇಟೆಯ ಗಿರಾಕಿ ಮೂಗು ಮುಚ್ಚುತ್ತಾರೆ.
ನಿನ್ನೆ ಸಾನಿಕಾ ಬಂದಳು,
ಬೆನ್ನಿಗೇ ಮೂರು ಬೆಕ್ಕು.
"ಪುರ್ಸುಮಾಮ, ಬ್ರೇಕು ಬೇಡ,
ಒಂದು ಬೆಲ್ಲಾದರೂ ಹಾಕಿ ಕೊಡಿ."
ಟ್ರ್ಯಾಕಿನ ಸೈಕಲ್ಲಿಗೆ ಬೆಲ್ಲು ಉಂಟೇ
ಎಂದು ಕೇಳೋಣವೆಂದರೆ
ಇನಾಸ ಆಗಲೇ ಎದ್ದಿದ್ದ, ನನ್ನ ಟೇಪು ಹಿಡಿದು,
ಜೇಬಿನಲ್ಲಿ ಸೀಮೆಸುಣ್ಣ,
ಬಿಳಿ ಗೆರೆಯಿಂದಾಚೆ
ಒಂದು ಮೀಟರು ಅಳೆಯಲು.