ಇದ್ದವರ ಹೆಸರು

ಮೊದಲನೇ ದಿವಸ ಗೇಟಿನ್ಯಾಗ ನಿಂತು
ಹೆಸರೇನಪಾ ಅಂದ್ರ ‘ಒಂದ್ರೇ’ ಅಂದ.
ಒಂದ ಸಾಕು ಬಿಡು, ಎರಡ ಯಾಕ ಬೇಕು ಅಂತ ನಾ ನಕ್ಕೆ.
ಅವಗ ತಿಳೀಲಿಲ್ಲ, ಅಂವನೂ ನಕ್ಕ.
ಆಕಿ ಲೆಂಕಾ.
ಮೂವತ್ತೊಂದ ವರ್ಷ ಕನ್ನಡಾ ಕಲಿಸಿದಾಕಿಗೆ ಮೈ ಜುಮ್ಮಂತು:
ಒಡೆಯನ ಸಂಗಾಟ ಸಾಯತೀನಂತ ಭಾಷೆ ಕೊಟ್ಟಾಂವಗ
ಹಳೇ ಕಲ್ಲಿನ ಮ್ಯಾಲೆ ಇರೂ ಹೆಸರು
ಚೆಕ್ ದೇಶದಿಂದ ಎರಡ ಸೂಟಕೇಸ ಹಿಡಕೊಂಡು
ಹಿಂದವಾಡಿಗೆ, ನಮ್ಮ ಕೆಳಗಿನ ಮನಿಗೆ ಬಂದಿತ್ತು.

ಉದ್ಯಮಬಾಗದ ಫೌಂಡ್ರಿಯೊಳಗ ಹೊಸಾ ಮಶೀನ ಕೂಡಸೂ ಕೆಲಸ ಅವಂದು,
ಎರಡ ವರ್ಷದ ಕರಾರು.
ಆಕಿಗೆ ಕೆಲಸಿಲ್ಲ. ವೀಸಾದಾಗ ಹಂಗ ಬರದೈತಂತ.

ಶನಿವಾರ ನಸಿಕಿನ್ಯಾಗ ಕಾರ ಬಿಟ್ಟಿವಿ.
‘ಮಾವಶಿ, ನೀವೂ ಬರ್ರಿ’ ಅಂದಿದ್ಲು.
ನಾ ಹುಟ್ಟಿದ್ದು ಬೈಲಹೊಂಗಲದಾಗ, ಐಹೊಳಿ ನೋಡಿದ್ದಿಲ್ಲ,
ಪರೀಕ್ಷಾದಾಗ ಮಾತ್ರ ಐದ ಮಾರ್ಕಿಗೆ ಕೇಳತಿದ್ದೆ.
ಯರಗಟ್ಟಿ ತನಕ ಇಬ್ಬರೂ ಮಾತಾಡಲಿಲ್ಲ.
ಆಮ್ಯಾಲೆ ಮಾತಾಡಿದ್ರು.
ತಿಳೀಲಾರದ ಭಾಷೆಯೊಳಗ ಜಗಳ ಲಗೂ ತಿಳೀತೈತಿ:
ಸಣ್ಣ ದನಿ,
ಒಬ್ಬರ ಹೆಸರ ಒಬ್ಬರು ಹಿಡೀಲಾರದ ಮಾತು.
ನಾ ಮುಂದಿನ ಸೀಟಿನ್ಯಾಗ ಕುಂತು
ಲೋಕಾಪುರದ ಸಿಮೆಂಟ ಲಾರಿ ಎಣಿಸಿದೆ.

ಬದಾಮಿಯೊಳಗ ಮಂಗ್ಯಾ ಅವನ ಟೊಪ್ಪಿಗಿ ಕಸಗೊಂಡು ಓಡಿತು.
ಅಷ್ಟಕ್ಕ ಇಬ್ಬರೂ ಒಂದಾದ್ರು, ಅರ್ಧಾ ತಾಸು.
ಹೊಂಡದ ಪಾವಟಿಗಿ ಮ್ಯಾಲೆ ಅರಿಬಿ ಒಗೆಯೂ ಸಪ್ಪಳ
ಕೆಂಪ ಗುಡ್ಡಕ್ಕ ಬಡದು ಒಂದ ಕ್ಷಣ ತಡಾ ಮಾಡಿ ಬರತಿತ್ತು.
ಆ ತಡದಾಗ ಲೆಂಕಾ ಚಪ್ಪಾಳಿ ಹಾಕಿದ್ಲು.

ರವಿವಾರ ಐಹೊಳಿ.
ಗೈಡ ಹುಡುಗ ಸಿದರಾಯ ಕೈ ಮಾಡಿ, ‘ಲಾಡಖಾನ ಗುಡಿ’ ಅಂದ.
ಲಾಡಖಾನ ಯಾವ ದೇವರು? ಆಕಿ ಕೇಳಿದ್ಲು.
ದೇವರಲ್ಲವಾ, ಇಲ್ಲೆ ಇದ್ದಾಂವ ಅಂದೆ.
ಸಂಸಾರ ಹೂಡಿದ್ದ, ಹೋದ, ಹೆಸರ ಹೋಗಲಿಲ್ಲ.
ಅಕ್ಕೋ, ಅದು ಗೌಡರ ಗುಡಿ, ಆ ಕಡೆ ಬಡಿಗೇರ ಗುಡಿ.
ಒಳಗಿದ್ದ ದೇವರ ಹೆಸರು ಊರ ಮರತೈತಿ.

ಒಂದ್ರೇ ಮಾಳಿಗಿ ನೋಡಾಕತ್ತಿದ್ದ:
ಇಳಿಜಾರ ಕಲ್ಲಿನ ಹಾಸು, ಸಂದಿಗೊಂದು ಕಲ್ಲಿನ ತೊಲಿ.
ಕಟಗಿ ಕೆಲಸ ಬಿಟ್ಟ ಬಂದ ಕೈ
ಕಟಗಿ ಮರತಿಲ್ಲ ನೋಡ್ರಿ ಅಂತ ತನ್ನ ಇಂಗ್ಲಿಷಿನ್ಯಾಗ ಅಂದು
ಕಲ್ಲಿನ ನಿಚ್ಚಣಿಕಿಯನ್ನ ಗೇಣಿಲೆ ಅಳದ.

ಲೆಂಕಾ ಕೇಳೂದ ಬ್ಯಾರೆ.
ಒಲಿ ಎಲ್ಲಿತ್ತು? ಹಸಿ ಅರಿಬಿ ಎಲ್ಲೆ ಹಾಕತಿದ್ದ?
ಹೆಂಡತಿ ಇದ್ಲೇನು? ಬಾಡಿಗಿ ಕೊಡತಿದ್ನೇನು?
ಸಿದರಾಯಗ ಶಕೆ, ಇಸವಿ, ರಾಜರು ಬಾಯಿಪಾಠ;
ಇದು ಪಾಠದಾಗ ಇದ್ದಿದ್ದಿಲ್ಲ.
ಬರಿಗಾಲಿಲೆ ಮೂಲಿಮೂಲಿ ಅಡ್ಡಾಡಿ
ಆಕಿ ಒಂದ ಕಂಬಕ್ಕ ಮೂಗ ಹಚ್ಚಿದ್ಲು,
ಹೊಗಿ ವಾಸನಿ ಉಳದೈತೇನಂತ.
ಬರೇ ಬಾವಲಿ ವಾಸನಿ.
ಅಲ್ಲೇ ಕುಂತ್ಲು. ಜಾಳಂದ್ರದ ಬಿಸಲು
ಚೌಕಡಿ ದುಪ್ಪಟಿಯಂಗ ತೊಡಿ ಮ್ಯಾಲೆ ಬಿತ್ತು.
ಒಂದ್ರೇ ಬಂದು ಮಗ್ಗಲಕ ಕುಂತ, ನಡುವ ಒಂದ ಗೇಣ ಬಿಟ್ಟು.

ನಾ ಬುತ್ತಿ ಬಿಚ್ಚಿದೆ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ.
ಒಳಗ ಉಣಬಾರದ್ರಿ, ಕಾವಲಿನಾಂವ ಅಂದ.
ಲಾಡಖಾನ ಎಲ್ಲೆ ಉಂಡ, ಕೇಳ ಅಂದೆ.
ಆದ್ರೂ ಎದ್ದ ಬೇವಿನ ನೆರಳಿಗೆ ಬಂದಿವಿ.

ಎರಡ ವರ್ಷ ಅಂದದ್ದು ಹದಿನಾಲ್ಕ ತಿಂಗಳಿಗೆ ಮುಗೀತು.
ಮೊದಲ ಆಕಿ ಹೋದ್ಲು, ಒಂದ ಸೂಟಕೇಸ.
ದೀಪಾವಳಿ ಆದ ಮ್ಯಾಲೆ ಅಂವ, ಇನ್ನೊಂದು.
ಲೆಂಕ ಅಂದ್ರ ಏನಂತ ನಾ ಆಕಿಗೆ ಹೇಳಿದ್ದೇ ಇಲ್ಲ.

ಕೆಳಗ ಈಗ ಎಲ್‌ಐಸಿಯವರದಾರ, ನಿಪ್ಪಾಣಿ ಕಡೆಯವರು.
ಗೇಟಿಗೆ ನಮ್ಮ ಯಜಮಾನರ ಹೆಸರೈತಿ, ಹಿತ್ತಾಳಿದು,
ವಾರಕ್ಕೊಮ್ಮೆ ಹುಣಸಿಹಣ್ಣ ಹಚ್ಚಿ ತಿಕ್ಕತೀನಿ.
ಗ್ಯಾಸಿನಾಂವ ಫೋನಿನ್ಯಾಗ
‘ಲೆಂಕಾಬಾಯಿ ಮನಿ ಅಲ್ಲೇನ್ರಿ’ ಅಂತಾನ.
ಕಾಯಿಪಲ್ಲೆ ತಾರವ್ವ ಬುಟ್ಟಿ ಇಳಿಸಿ ಒದರತಾಳ:
ಲೆಂಕಾಬಾಯೀ, ಮೆಂತ್ಯಾ ಬಂದೈತಿ.
ಮೊದಮೊದಲ ತಿದ್ದತಿದ್ದೆ.
ಈಗ ಮ್ಯಾಲಿಂದ ‘ಓ’ ಅಂತೀನಿ,
ಚಿಲ್ಲರಾ ಹಿಡಕೊಂಡು ಇಳೀತೀನಿ.