ಎರಡು ಎಂಬತ್ತು

ಬೆಣ್ಣಿಹಳ್ಳದ ಸೇತುವಿ ಮೂರನೇ ಕಂಬಕ್ಕ
ಹಳದಿ ಬಳದು, ಕರಿ ಗೆರಿ ಎಳದು
ಅಂಕಿ ಬರದು ಹೋದರು.
"ಮುಂಜಾನೆ ಏಳಕ್ಕೊಮ್ಮೆ, ಸಂಜಿ ಆರಕ್ಕೊಮ್ಮೆ
ನೋಡಿ ಬರೀರಿ, ಫಕ್ಕೀರವ್ವ" ಅಂದರು.
ನೂರು ಪುಟದ ವಹಿ ಕೊಟ್ಟರು,
ದಾರ ಕಟ್ಟಿದ ಪೆನ್ನು ಕೊಟ್ಟರು.

ಹೊಲಿಗಿ ಯಂತ್ರ ತುಳಿಯಾಕಿ ನಾನು.
ಅಕ್ಷರ ಅಷ್ಟಕ್ಕಷ್ಟ, ಅಂಕಿ ಮಾತ್ರ ನೀರು ಕುಡದಂಗ.
ಊರ ಮಂದಿ ಎದಿ, ತೋಳು, ಸೊಂಟ
ಟೇಪು ಇಲ್ಲದನ ಹೇಳಾಕಿ.
ಹಳ್ಳದ ಅಳತಿ ತಗೋ ಅಂದರು, ತಗೊಂಡೆ.
ಬ್ಯಾಸಗಿಯೊಳಗ ಅದಕ್ಕ ಕೂಸಿನ ಅಂಗಿ ಸಾಕು:
ಸೊನ್ನಿ ಹನ್ನೆರಡು.

ಅಂಬಿಗರ ಯಮನಪ್ಪಜ್ಜ ನಕ್ಕ.
"ನೀರಿಗೆ ಟೇಪು ಹಿಡೀತಾಳವ್ವ ಈಕಿ!
ಎಮ್ಮಿಕಲ್ಲು ಮುಳುಗಿದರ
ಕೆಳಗಿನ ಓಣಿ ಎದ್ದು ನಿಲ್ಲಬೇಕು. ಅಷ್ಟ ಲೆಕ್ಕ.
ನಮ್ಮಪ್ಪನೂ ಅದನ್ನ ಅಂತಿದ್ದ."
ನಾನು ಸುಮ್ಮನಿರಲಿಲ್ಲ.
ಕಂಬದಿಂದ ಕಲ್ಲಿಗೆ ನೀರು ತುಂಬಿದ ಪೈಪು ಹಿಡದು,
ಮಟ್ಟ ನೋಡಿ, ಗೆರಿ ಎಣಿಸಿ ಬಂದೆ.
ಎಮ್ಮಿಕಲ್ಲಿನ ನೆತ್ತಿ: ಎರಡು ಎಂಬತ್ತು.
ವಹಿಯ ಮೊದಲನೇ ಪುಟದಾಗ ಬರದೆ,
ಅಜ್ಜನ ಹೆಸರೂ ಬರದೆ. ಆತ ಒಂದು ದಿನ ಮಾತಾಡಲಿಲ್ಲ.

ವಾರಕ್ಕೊಮ್ಮೆ ಬಾಟಲಿ.
ಒಳಗೊಂದು ಔಷಧದ ಚೀಟಿ, ಗೆರಿತನಕ ನೀರು.
ಬೆಚ್ಚಗಿಡಬೇಕಂತ, ತೌಡಿನ ಡಬ್ಬಿಯೊಳಗ ಮಲಗಿಸಿದೆ.
ಕರಿ ಆದರ ಕೆಟ್ಟ ನೀರು.
ಕರಿ ಆತು.
"ಹುಬ್ಬಳ್ಳಿ ಗಟಾರ!" ಅಂತು ಊರು ಕಟ್ಟಿಮ್ಯಾಲ ಕುಂತು.
ಖರೇನ.
ಏಳನೇತ್ತಾ ಓದೂ ಸಹನಾ ಕೇಳಿದಳು:
"ಊರ ಮ್ಯಾಲಿನ ನೀರೊಂದು, ಊರ ಕೆಳಗಿನ ನೀರೊಂದು
ಇಟ್ಟು ನೋಡೂಣೇನ ಅತ್ತಿ?"
ಮ್ಯಾಲಿನದು ಮರುದಿನ ಸಂಜಿಗೆ ಕಪ್ಪಾತು.
ಕೆಳಗಿನದು ಮುಂಜಾನೆ ಚಹಾಕ್ಕ ಮೊದಲ.
ಎರಡೂ ಒಯ್ದು ಗ್ರಾಮಸಭಾದ ಟೇಬಲ್ ಮ್ಯಾಲ ಇಟ್ಟೆ.
ಅವತ್ತು ಯಾರೂ ಹುಬ್ಬಳ್ಳಿ ಹೆಸರು ತಗೀಲಿಲ್ಲ.
ಚಹಾ ಆರಿತು.

ಮ್ಯಾಲಕ್ಕ, ಕುಂದಗೋಳದ ಕಡೆ, ಇನ್ನೊಂದು ಕಂಬ ಐತಿ.
ಅದನ್ನ ಓದಾಕಿ ಬಿಬಿಜಾನ್. ಹಿಟ್ಟಿನ ಗಿರಣಿಯಾಕಿ.
ನಾನು ಆಕಿನ್ನ ಕಂಡಿಲ್ಲ.
ಫೋನಿನಾಗ ಬೆಲ್ಟಿನ ಗದ್ದಲದ ನಡುವ
ಅಂಕಿ ಕೂಗಿ ಇಟ್ಟುಬಿಡತಾಳ,
ಹಲೋನೂ ಇಲ್ಲ, ಆರಾಮೇನೂ ಇಲ್ಲ.

ಮಘಿ ಮಳಿ. ನಮ್ಮಲ್ಲಿ ಹನಿ ಇಲ್ಲ,
ಮುಗಲ ತುಂಬ ಚಿಕ್ಕಿ.
ರಾತ್ರಿ ಹನ್ನೊಂದೂವರಿಗೆ ಫೋನು.
ಗಿರಣಿ ಸದ್ದಿಲ್ಲ, ಆಕಿ ಉಸಿರಷ್ಟ.
"ಮೂರು ನಲವತ್ತು. ಇನ್ನೂ ಏರಾಕತ್ತೈತಿ, ಅಕ್ಕ."
ಅಕ್ಕ ಅಂದದ್ದು ಅವತ್ತ ಮೊದಲು.

ಕೆಳಗಿನ ಓಣಿ ಬಾಗಿಲಾ ಬಡದೆ.
"ಚಿಕ್ಕಿ ಕಾಣಾಕತ್ತಾವ, ಎಲ್ಲಿ ಹೊಳಿಬೇ ನಿಂದು?"
ನನ್ನ ಅಂಕಿ ಕೇಳಿ ಯಾರೂ ಏಳಲಿಲ್ಲ.
ಯಮನಪ್ಪಜ್ಜ ಹಳ್ಳಕ್ಕ ಇಳದ,
ಬೊಗಸಿ ನೀರು ಮೂಗಿಗೆ ಹಿಡದ,
ಮಾತಾಡದ ಬಂದು ಕಂಬಳಿ ಹೆಗಲಿಗೇರಿಸಿದ.
ಅಷ್ಟಕ್ಕ ಓಣಿ ಎದ್ದಿತು.
ದನದ ಹಗ್ಗ, ಕೂಸು, ರೇಷನ್ ಕಾರ್ಡು, ಬಾಣಂತಿ ಹೊರಸು,
ಎಲ್ಲಾ ಸಾಲಿ ಪಡಸಾಲಿಗೆ.
ಮೂರೂ ಹತ್ತಕ್ಕ ಎಮ್ಮಿಕಲ್ಲು ಹೋತು.
ಆಮ್ಯಾಲ ಹಳದಿ ಬಣ್ಣನೂ ಹೋತು.
ಬ್ಯಾಟರಿ ಬಿಟ್ಟು ನೋಡಿದೆ,
ವಹಿಯೊಳಗ ಬರದೆ: ಕಂಬ ಕಾಣಲಿಲ್ಲ.

ನನ್ನ ಯಂತ್ರ ಎತ್ತಿಡೂದು ಮರತಿದ್ದೆ.
ರಾಡಿ ತೊಳದು ಎಣ್ಣಿ ಬಿಟ್ಟೀನಿ, ಹೊಲೀತೈತಿ,
ದನಿ ಒಂದೀಟು ಕೀರಲಾಗೈತಿ.

ಬಿಬಿಜಾನಗ ಒಂದು ಕುಬಸ ಹೊಲೀಬೇಕು ಅಂತ
ಇಳಕಲ್ಲಿನ ಖಣ ತಂದಿಟ್ಟೀನಿ.
ಆಕಿ ಹಳ್ಳದ ಅಳತಿ ದಿನಕ್ಕೆರಡು ಸಲ ಗೊತ್ತು,
ಆಕಿ ಅಳತಿ ಗೊತ್ತಿಲ್ಲ.
ನಿನ್ನೆ ನಾನ ಫೋನ್ ಹಚ್ಚಿದೆ.
"ನಿನ್ನ ಅಳತಿ ಹೇಳ, ತಂಗಿ" ಅಂದೆ.
ಗಿರಣಿ ಗದ್ದಲದಾಗ ಆಕಿ ಕೂಗಿದಳು:
"ಒಂದು ಇಪ್ಪತ್ತು! ಇಳ್ಯಾಕತ್ತೈತಿ!"
ಇಟ್ಟಳು.

ಬರಕೊಂಡೆ.